ಹೊತ್ತಿಗೆ ತಕ್ಕ ವಿದ್ಯುತ್ ದರ

ಅಕ್ಕಿಯ ಗಿರಣಿ, ಎಣ್ಣೆಯ ಗಾಣ, ಶೀತಗೃಹ ಮೊದಲಾದವುಗಳನ್ನು ಇಟ್ಟುಕೊಂಡಿರುವ ಜಮೀನುದಾರರು ಎಷ್ಟು ಯೂನಿಟ್ಟು ಖರ್ಚಾಯಿತೆಂದು ನೋಡುವುದು ವಾಡಿಕೆ. ಅವು ಯಾವ ಹೊತ್ತಿನಲ್ಲಿ ಖರ್ಚಾದುವೆಂಬುದನ್ನೂ ಇನ್ನು ಮುಂದೆ ನೋಡಬೇಕಾಗಿರುತ್ತದೆ.

ಬತ್ತವನ್ನು ಕಣಜದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ವಿದ್ಯುಚ್ಛಕ್ತಿಯನ್ನು ದೊಡ್ಡ ಮೊತ್ತದಲ್ಲಿ ಕೂಡಿಡುವುದು ಈಗಲೂ ಬಹು ವೆಚ್ಚದ ಕೆಲಸ. ಬೇಡಿಕೆಯುಂಟಾದ ಕ್ಷಣದಲ್ಲಿಯೇ ಅದನ್ನು ಒದಗಿಸಬೇಕು. ಸಂಜೆಯ ಕೆಲವು ಘಂಟೆಗಳ ಸಲುವಾಗಿಯೇ ಉಳಿದ ಹೊತ್ತೆಲ್ಲಾ ಸುಮ್ಮನಿರುವ ಯಂತ್ರಗಳನ್ನು ಇಟ್ಟುಕೊಂಡಿರಬೇಕಾಗುತ್ತದೆ. ಸಂಜೆಯ ಯೂನಿಟ್ಟು ತುಟ್ಟಿಯಾಗುವುದಕ್ಕೆ ಇದೇ ಕಾರಣವು.

೧೯೦೨ರಲ್ಲಿ ಶಿವನಸಮುದ್ರದಿಂದ ಮೊದಲ್ಗೊಂಡು ಬಹುಕಾಲ ಈ ಸೀಮೆಗೆ ನೀರೇ ಶಕ್ತಿಯ ಮೂಲವಾಗಿತ್ತು. ಜಲಾಶಯದ ನೀರನ್ನು ತಡೆದಿಟ್ಟು ಸಂಜೆಗೆ ಬಿಡಬಹುದು. ಬಿಸಿಲನ್ನು ಹಾಗೆ ತಡೆಯಲಾಗದು. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವ್ಯಾಟಿನ ಸೌರ ಸ್ಥಾವರವಿದೆ. ಅದು ನಡುಹಗಲಿನಲ್ಲಿ ಹೇರಳವಾಗಿ ಕೊಟ್ಟು, ದೀಪ ಹತ್ತಿಸುವ ವೇಳೆಗೆ ಬರಿದಾಗುತ್ತದೆ. ಮೊದಲು ನಡುರಾತ್ರಿಗಿದ್ದ ಅಗ್ಗದ ಹೊತ್ತು ಈಗ ಹಗಲಿಗೂ ಬಂದಿರುವುದು ಹೀಗೆ.

ಕೇಂದ್ರ ಸರ್ಕಾರವು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ೨೦೨೩ರಲ್ಲಿ ತಿದ್ದಿತು. ೧೦ ಕಿಲೋವ್ಯಾಟಿಗೆ, ಎಂದರೆ ಸುಮಾರು ೧೩ ಅಶ್ವಶಕ್ತಿಗೆ, ಮೀರಿದ ಬೇಡಿಕೆಯ ವ್ಯಾಪಾರ ಮತ್ತು ಕೈಗಾರಿಕೆಗಳಿಗೆ ೨೦೨೪ರ ಏಪ್ರಿಲ್ ೧ರೊಳಗೂ, ವ್ಯವಸಾಯವನ್ನುಳಿದು ಮಿಕ್ಕವರಿಗೆ ೨೦೨೫ರ ಏಪ್ರಿಲ್ ೧ರೊಳಗೂ ಈ ಪದ್ಧತಿ ಬರತಕ್ಕದ್ದೆಂದು ವಿಧಿಸಿತು. ಸೌರಾವಧಿಯ ಎಂಟು ಘಂಟೆಗಳಲ್ಲಿ ದರವು ಸಾಮಾನ್ಯಕ್ಕಿಂತ ಕನಿಷ್ಠ ಶೇಕಡ ೨೦ ಕಡಮೆ. ಬೇಡಿಕೆ ಏರಿದ ಹೊತ್ತಿನಲ್ಲಿ ವ್ಯಾಪಾರ ಕೈಗಾರಿಕೆಗಳಿಗೆ ೧.೨ ಪಾಲಿಗೂ, ಮನೆ ಮೊದಲಾದವುಗಳಿಗೆ ೧.೧ ಪಾಲಿಗೂ ಕಡಮೆಯಿರಕೂಡದು. ಹೊತ್ತನ್ನು ಗೊತ್ತುಮಾಡತಕ್ಕದ್ದು ಆಯಾ ರಾಜ್ಯದ ನಿಯಂತ್ರಣ ಆಯೋಗವು. ಹಳೆಯ ಮೀಟರು ಒಟ್ಟು ಮೊತ್ತವನ್ನಷ್ಟೇ ತೋರಿಸುವುದರಿಂದ, ಹೊತ್ತನ್ನೂ ಬರೆದಿಡುವ ಸ್ಮಾರ್ಟ್ ಮೀಟರು ಇದಕ್ಕೆ ಅಗತ್ಯ.

ನೀರಾವರಿಯ ಪಂಪುಗಳವರು ಇದಕ್ಕೆ ಅಂಜಬೇಕಾದುದಿಲ್ಲ. ಆದರೆ ಅದೇ ಜಮೀನುದಾರರ ಗಿರಣಿಗೆ ವ್ಯವಸಾಯದ ವಿನಾಯಿತಿಯಿಲ್ಲವೆಂಬುದನ್ನು ಹಲವರು ಮರೆಯುತ್ತಾರೆ.

ಲೆಕ್ಕಕ್ಕಾಗಿ ಸಾಮಾನ್ಯ ದರ ಯೂನಿಟ್ಟಿಗೆ ೭ ರೂಪಾಯಿ ಎಂದಿಟ್ಟುಕೊಳ್ಳೋಣ. ೨೫ ಅಶ್ವಶಕ್ತಿಯ ಗಿರಣಿ ಮೂರು ಘಂಟೆಗೆ ಮಿಕ್ಕು ನಡೆದು ೬೦ ಯೂನಿಟ್ಟು ಸುಟ್ಟರೆ, ಸಂಜೆಯಾದರೆ ೮.೪೦ರಂತೆ ೫೦೪ ರೂಪಾಯಿ, ಸೌರಾವಧಿಯಲ್ಲಾದರೆ ೫.೬೦ರಂತೆ ೩೩೬ ರೂಪಾಯಿ. ತಿಂಗಳಿಗೆ ೨೫ ದಿನ ನಡೆದರೆ ೪,೨೦೦ ರೂಪಾಯಿಯ ವ್ಯತ್ಯಾಸ. ಅಕ್ಕಿ ಅದೇ, ಆಳು ಅವರೇ. ನಿಗದಿತ ಶುಲ್ಕವು ಮಾತ್ರ ಹೊತ್ತಿನಿಂದ ಬದಲಾಗುವುದಿಲ್ಲ.

ಎಲ್ಲ ಕೆಲಸವನ್ನೂ ಹೀಗೆ ಸರಿಸಲಾಗದೆಂಬುದೂ ನಿಜ. ಸಂಜೆ ಕರೆದ ಹಾಲನ್ನು ಕೂಡಲೇ ತಣಿಸಬೇಕು; ಹಗಲಿನಲ್ಲಿ ಮಂಜುಗಡ್ಡೆ ಕಟ್ಟಿಟ್ಟು ಸಂಜೆ ಉಪಯೋಗಿಸುವ ತೊಟ್ಟಿಯಿದ್ದರೆ ಮಾತ್ರ ತುಟ್ಟಿಯ ಹೊತ್ತನ್ನು ತಕ್ಕಮಟ್ಟಿಗೆ ತಪ್ಪಿಸಬಹುದು. ಮನೆಗಳಲ್ಲಿ ರುಬ್ಬುವುದು, ಬಟ್ಟೆ ಒಗೆಯುವುದು, ತೊಟ್ಟಿಗೆ ನೀರೇರಿಸುವುದು ಹಗಲಿಗೆ ಹೋಗಬಲ್ಲವು. ದೀಪವೂ ಅಡಿಗೆಯೂ ಹೋಗಲಾರವು. ಹಗಲೆಲ್ಲಾ ಕೂಲಿಗೆ ಹೋಗಿ ಮನೆಗೆ ಬೀಗವಿರುವ ಕುಟುಂಬಕ್ಕೆ ಇದರಿಂದ ಲಾಭವು ಅತ್ಯಲ್ಪವೆಂದೇ ಹೇಳಬೇಕು.

ಕೆಲವು ರಾಜ್ಯಗಳಲ್ಲಿ ಬೆಳಗಿನ ಕೆಲವು ಘಂಟೆಗಳೂ ತುಟ್ಟಿಯ ಹೊತ್ತಿಗೆ ಸೇರಿರುವುದುಂಟು. ಆದಕಾರಣ ಗಿರಣಿಯವರು ಆಳುಗಳ ವೇಳೆಯನ್ನು ಬದಲಾಯಿಸುವುದಕ್ಕೆ ಮೊದಲು, ತಮ್ಮ ವಿದ್ಯುತ್ ಕಛೇರಿಯಿಂದ ಚಾಲ್ತಿಯಲ್ಲಿರುವ ವೇಳಾಪಟ್ಟಿಯನ್ನು ಬರವಣಿಗೆಯಲ್ಲಿ ಪಡೆದುಕೊಂಡು ಮೀಟರಿನ ಬಳಿ ಅಂಟಿಸಿಕೊಳ್ಳುವುದು ಯೋಗ್ಯವು.