ತೆರೆಯ ಮೇಲಿನ ಓದು ಮತ್ತು ಗಮನದ ಆಳ

ಮಾತು ಮಗುವಿಗೆ ಸುತ್ತಲಿನವರ ಒಡನಾಟದಿಂದಲೇ ಬರುತ್ತದೆ, ಓದನ್ನು ಕಲಿಸಬೇಕಾಗುತ್ತದೆ. ಮನುಷ್ಯನು ಬರೆಯಲಾರಂಭಿಸಿ ಸುಮಾರು 5,000 ವರ್ಷಗಳಷ್ಟೇ ಆಗಿವೆ. ಇಷ್ಟು ಅಲ್ಪ ಕಾಲದಲ್ಲಿ ಮಿದುಳಿನಲ್ಲಿ ಓದಿಗೆಂದೇ ಒಂದು ಭಾಗವು ವಿಕಾಸಗೊಂಡಿಲ್ಲ. ನೋಟಕ್ಕೂ ಮಾತಿಗೂ ಇರುವ ನರಮಾರ್ಗಗಳನ್ನೇ ಪ್ರತಿಯೊಬ್ಬ ಓದುಗನೂ ಅಭ್ಯಾಸಬಲದಿಂದ ಹೊಸದಾಗಿ ಜೋಡಿಸಿಕೊಳ್ಳುತ್ತಾನೆ. ಅಮೆರಿಕದ ವಿದ್ವಾಂಸೆ ಮೇರಿಯಾನ್ ವುಲ್ಫ್ ಅವರು 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಅಭ್ಯಾಸದಿಂದ ಬಂದ ಶಕ್ತಿಯು ಅಭ್ಯಾಸ ತಪ್ಪಿದರೆ ಕುಂದಬಹುದೆಂಬುದೇ ಇಂದಿನ ಆತಂಕ.

ಅಂತರ್ಜಾಲದಲ್ಲಿ ನಾವು ಓದುವ ಬಗೆಯೇ ಬೇರೆ. 2006ರಲ್ಲಿ ಜೇಕಬ್ ನೀಲ್ಸನ್ ಅವರು 232 ಮಂದಿಯ ಕಣ್ಣಿನ ಚಲನೆಯನ್ನು ಪರಿಶೀಲಿಸಿದರು. ಮೊದಲ ಸಾಲುಗಳ ಮೇಲೆ ಅಡ್ಡಲಾಗಿ ಹಾಯುವ ದೃಷ್ಟಿಯು ಬರಬರುತ್ತ ಮೊಟಕಾಗಿ, ಕೊನೆಗೆ ಎಡ ಅಂಚಿನಲ್ಲಿಯೇ ಕೆಳಗಿಳಿಯುತ್ತಿತ್ತು. ಹುಡುಕುವವರಿಗೆ ಇದು ಒಳ್ಳೆಯ ಉಪಾಯವೇ. ರೈಲಿನ ವೇಳಾಪಟ್ಟಿಯನ್ನು ಯಾರೂ ಕಾದಂಬರಿಯಂತೆ ಓದುವುದಿಲ್ಲ. ಆದರೆ ಕಾದಂಬರಿಯನ್ನೇ ವೇಳಾಪಟ್ಟಿಯಂತೆ ಓದತೊಡಗಿದರೆ?

ಗಮನದ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಅವರ ಅಧ್ಯಯನಗಳ ಪ್ರಕಾರ 2004ರಲ್ಲಿ ಗಣಕಯಂತ್ರದ ಒಂದು ಪುಟದ ಮೇಲೆ ಜನರ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. 2023ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಅವರು ನೀಡಿರುವ ಅವಧಿ 47 ಸೆಕೆಂಡು. ಒಂದು ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದಂಶವು ಹಿಂದಿನದರಲ್ಲಿಯೇ ಉಳಿದುಬಿಡುತ್ತದೆಂದು ಸೋಫಿ ಲೆರಾಯ್ ಅವರು 2009ರಲ್ಲಿ ತೋರಿಸಿದರು. ಮೊಬೈಲಿನ ಸಂದೇಶವನ್ನು ನೋಡಿ ಪುಸ್ತಕಕ್ಕೆ ಮರಳಿದವರು ಅದೇ ಸಾಲನ್ನು ಮೂರು ಸಲ ಓದುವುದೇಕೆಂಬುದಕ್ಕೆ ಇದರಲ್ಲಿ ಸುಳಿವಿದೆ.

ಹಾಗೆಂದು ಯಂತ್ರವನ್ನು ಹಳಿಯುವುದು ಸಲ್ಲದು. ಮರುಮುದ್ರಣವಿಲ್ಲದ ಎಷ್ಟೋ ಕನ್ನಡ ಗ್ರಂಥಗಳು ದೆಹಲಿ, ಪುಣೆಗಳಲ್ಲಿರುವ ನಮಗೆ ದೊರೆತಿರುವುದು ಅಂತರ್ಜಾಲದಿಂದಲೇ. ಸ್ಪೇನ್ ಮತ್ತು ಇಸ್ರೇಲಿನ ಸಂಶೋಧಕರು 2018ರಲ್ಲಿ 54 ಅಧ್ಯಯನಗಳನ್ನು, ಅಂದರೆ 1,70,000ಕ್ಕೂ ಹೆಚ್ಚು ಓದುಗರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗ ಮಾಹಿತಿಪರ ಬರಹಗಳು ಕಾಗದದ ಮೇಲೆ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆಂದು ತಿಳಿದುಬಂದಿತು. ಕೇವಲ ಕಥೆಗಳಲ್ಲಿ ಅಂತಹ ಅಂತರ ಕಾಣಲಿಲ್ಲ. ರೂಢಿಯಾದಂತೆ ಈ ಅಂತರ ಅಳಿಯಬೇಕಿತ್ತಲ್ಲವೆ? ಅದು 2000ದಿಂದೀಚೆಗೆ ಹೆಚ್ಚುತ್ತ ಬಂದಿತ್ತು.

ಹೊರನಾಡಿನ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ನಮ್ಮ ಅನೇಕ ಮಕ್ಕಳು ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ಶಾಲೆಯಲ್ಲಿ ಕಲಿಯದ ಕಾರಣ ಒತ್ತಕ್ಷರಗಳ ಬಳಿ ತಡವರಿಸುತ್ತಾರೆ. ಒಂದೇ ನೋಟಕ್ಕೆ ಪದವನ್ನು ಗುರುತಿಸುವ ಬಲವು ಬರುವವರೆಗೆ ಓದು ನಿಧಾನವಾಗಿಯೇ ಸಾಗಬೇಕು. ನಿಧಾನವನ್ನು ಸಹಿಸದ ಮನಸ್ಸು ಒಡನೆಯೇ ಇಂಗ್ಲಿಷಿಗೆ ಜಾರುತ್ತದೆ. ಹೀಗಾಗಿ ತಾಳ್ಮೆ ಕುಂದಿದಾಗ ಮೊದಲು ಕೈಬಿಟ್ಟುಹೋಗುವುದು ಕನ್ನಡದ ಓದೇ. ಹಿರಿಯರೂ ಇದಕ್ಕೆ ಹೊರತಲ್ಲ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೃತಿಯಲ್ಲಿ ಒಬ್ಬನೇ ನಾಯಕನಿಲ್ಲ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ ಇವರೆಲ್ಲರ ಕಥೆಗಳನ್ನೂ ನೂರಾರು ಪುಟಗಳುದ್ದಕ್ಕೂ ಓದುಗನೇ ನೆನಪಿನಲ್ಲಿ ಹೊತ್ತು ನಡೆಯಬೇಕು. ಐದು ನಿಮಿಷಕ್ಕೊಮ್ಮೆ ಮೇಲೇಳುವ ಗಮನಕ್ಕೆ ಆ ಕಾಡು ತೆರೆದುಕೊಳ್ಳದು.

ನಮ್ಮಲ್ಲಿ ಗಮಕ ವಾಚನವೆಂಬ ಪದ್ಧತಿಯಿದೆ. ಒಬ್ಬರು ಕಾವ್ಯವನ್ನು ವಾಚಿಸಿ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಒಂದು ಸಂಜೆಗೆ ಕೆಲವೇ ಪದ್ಯಗಳಾದರೂ ಯಾರೂ ಅದನ್ನು ನಿಧಾನವೆಂದು ದೂರುವುದಿಲ್ಲ. ಅಷ್ಟು ದೊಡ್ಡ ಏರ್ಪಾಟು ಮನೆಯಲ್ಲಿ ಸಾಧ್ಯವಿಲ್ಲದಿದ್ದರೂ, ರಾತ್ರಿಯ ಊಟದ ಬಳಿಕ ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಟ್ಟು ಹಿರಿಯರೂ ಮಕ್ಕಳೂ ಸರದಿಯಂತೆ ನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದಬಹುದು. ಗಟ್ಟಿಯಾಗಿ ಓದುವಾಗ ಕಣ್ಣು ಸಾಲುಗಳನ್ನು ಹಾರಿ ಮುಂದೆ ಹೋಗಲಾರದು. ಒತ್ತಕ್ಷರದ ಬಳಿ ಮಗು ನಿಂತರೆ ಪಕ್ಕದಲ್ಲಿರುವ ಅಜ್ಜಿಯೇ ಹೇಳಿಕೊಡುತ್ತಾರೆ.