ಗಂಗೆಗೆ ಎದುರಾಗಿ ಹೊರಟ ಮೂರು ದೋಣಿ

ಆಗಸ್ಟ್ ತಿಂಗಳು ಅಂದರೆ ನಮ್ಮ ಕಡೆ ಹೊಳೆ ಕೆಂಪಗೆ ತುಂಬಿ ಹರಿಯುವ ಕಾಲ. ದೋಣಿಯವನು ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿ ಬೀಡಿ ಹಚ್ಚಿ ಕೂರುತ್ತಾನೆ. ದುಪ್ಪಟ್ಟು ಕೊಡ್ತೀವಿ ಅಂದರೂ ಏಳೋದಿಲ್ಲ. ಹೊಳೆ ಇಳೀಲಿ, ಆಮೇಲೆ ನೋಡೋಣ ಅಂತಾನೆ.

ಆದರೆ 1977ರ ಆಗಸ್ಟಿನಲ್ಲಿ ಕೆಲವರು ಬೇಕಂತಲೇ ಇದೇ ಕಾಲವನ್ನು ಆರಿಸಿಕೊಂಡು, ಬಂಗಾಳ ಕೊಲ್ಲಿಯ ಬಾಯಲ್ಲಿ ಮೂರು ಸಣ್ಣ ಮೋಟಾರು ದೋಣಿಗಳನ್ನು ನೀರಿಗೆ ಬಿಟ್ಟರು. ಹೋಗಬೇಕಾದ್ದು ಪ್ರವಾಹದ ಜತೆಗಲ್ಲ, ಎದುರಿಗೆ. ಗಂಗಾಸಾಗರದಿಂದ ಹಿಮಾಲಯಕ್ಕೆ. ನೀರು ಕಮ್ಮಿಯಿದ್ದರೆ ಮೇಲಿನ ಬಂಡೆಗಳ ನಡುವೆ ದೋಣಿ ಹತ್ತೋದಿಲ್ಲ ಅನ್ನೋದು ಅವರ ಲೆಕ್ಕ.

ಮುಂದಾಳು ಬೇರೆ ಯಾರೂ ಅಲ್ಲ, 1953ರಲ್ಲಿ ತೇನ್‌ಸಿಂಗ್ ಜತೆ ಎವರೆಸ್ಟ್ ಏರಿದ ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿ. ಆಗ ವಯಸ್ಸು 58. ಅಂಥ ವಯಸ್ಸಿನಲ್ಲಿ ನಮ್ಮ ಆಫೀಸುಗಳಲ್ಲಿ ನಿವೃತ್ತಿಯ ಹಾರ ಹಾಕಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸುತ್ತಾರೆ.

ದೋಣಿಗಳ ಹೆಸರು ಗಂಗಾ, ಕಿವಿ, ಏರ್ ಇಂಡಿಯಾ. ಕಿವಿ ಅಂದರೆ ನಮ್ಮ ನಿಮ್ಮ ಕಿವಿಯಲ್ಲ, ನ್ಯೂಜಿಲೆಂಡಿನ ಹಾರಲಾರದ ಹಕ್ಕಿ. ತಂಡದಲ್ಲಿ ನ್ಯೂಜಿಲೆಂಡಿನವರು ಹೆಚ್ಚು. ನಮ್ಮವರ ಪೈಕಿ ಕ್ಯಾಪ್ಟನ್ ಎಂ.ಎಸ್. ಕೊಹ್ಲಿ ಇದ್ದರು. 1965ರಲ್ಲಿ ಒಂಬತ್ತು ಜನರನ್ನು ಎವರೆಸ್ಟಿನ ನೆತ್ತಿಗೆ ತಲುಪಿಸಿದ ಭಾರತೀಯ ತಂಡದ ನಾಯಕ ಇವರೇ. ಹಿಲರಿಯ ಮಗ, 22ರ ಪೀಟರ್ ಕೂಡ ದೋಣಿ ಹತ್ತಿದ್ದ.

ಪಂಪ್‌ಸೆಟ್ಟೇ ದೋಣಿಯಾದರೆ

ಈ ದೋಣಿಯ ಗುಟ್ಟು ಅರ್ಥವಾಗಬೇಕಾದರೆ ತೋಟದ ಪಂಪ್‌ಸೆಟ್ ನೆನೆಸಿಕೊಂಡರೆ ಸಾಕು. ಮಾಮೂಲಿ ಮೋಟಾರು ದೋಣಿಗೆ ತಳದಲ್ಲಿ ಫ್ಯಾನಿನಂಥ ರೆಕ್ಕೆ ತಿರುಗುತ್ತಿರುತ್ತದೆ. ಬಂಡೆ ತಗುಲಿತೋ, ರೆಕ್ಕೆ ಮುರಿಯಿತು, ಕಥೆ ಮುಗಿಯಿತು. ಜೆಟ್ ದೋಣಿಗೆ ಹೊರಗೆ ಏನೂ ಇಲ್ಲ. ತಳದ ಜಾಲರಿಯಿಂದ ನೀರು ಎಳೆದುಕೊಂಡು ಹಿಂದಿನ ಬಾಯಿಂದ ಜೋರಾಗಿ ಉಗಿಯುತ್ತದೆ. ಉಗಿದ ರಭಸಕ್ಕೆ ದೋಣಿ ಮುಂದೆ ಜಿಗಿಯುತ್ತದೆ. ಓಟದಲ್ಲಿದ್ದಾಗ ಗೇಣುದ್ದ ನೀರಿದ್ದರೂ ಆಯಿತು. ನ್ಯೂಜಿಲೆಂಡಿನಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ ಎಂಬಾತ, ತನ್ನೂರಿನ ಕಲ್ಲು ತುಂಬಿದ ಹೊಳೆಗಳಲ್ಲಿ ಓಡಾಡಲಿಕ್ಕೆ 1950ರ ದಶಕದಲ್ಲಿ ಇದನ್ನು ತಯಾರು ಮಾಡಿದ್ದು. ಗಂಗೆಯಲ್ಲಿ ದೋಣಿ ನಡೆಸಿದವರಲ್ಲಿ ಆತನ ಮಗ ಜಾನ್ ಕೂಡ ಒಬ್ಬ.

ಆದರೆ ಇದರಲ್ಲೊಂದು ಪೇಚಿದೆ. ದಿಕ್ಕು ತಿರುಗಿಸುವುದೂ ಆ ಉಗಿಯುವ ನೀರೇ. ನಡು ಸುಳಿಯಲ್ಲಿ ಇಂಜಿನ್ ನಿಂತರೆ ಓಟವೂ ಹೋಯಿತು, ಚುಕ್ಕಾಣಿಯೂ ಹೋಯಿತು. ಬ್ರೇಕ್ ಮತ್ತು ಸ್ಟೇರಿಂಗ್ ಒಟ್ಟಿಗೆ ಕೈಕೊಟ್ಟ ಘಾಟಿ ಬಸ್ಸಿನ ಹಾಗೆ. ಜಾಲರಿಗೆ ಜೊಂಡು, ಜಲ್ಲಿ ಸಿಕ್ಕಿಕೊಂಡರೂ ಅದೇ ಗತಿ. 1968ರಲ್ಲಿ ಹಿಲರಿ ಇಂಥವೇ ದೋಣಿಗಳನ್ನು ನೇಪಾಳದ ಸನ್ ಕೋಸಿ ನದಿಯಲ್ಲಿ ಓಡಿಸಿ ಅನುಭವ ಪಡೆದಿದ್ದರು.

ಹೂಗ್ಲಿಯ ಮೇಲೆ ಕಲ್ಕತ್ತ, ಆಮೇಲೆ ಪಾಟ್ನಾ, ಕಾಶಿ, ಅಲಹಾಬಾದ್. ಕೆಳಗಿನ ಗಂಗೆಯಲ್ಲಿ ಏರು ಎಂಬುದೇ ಕಮ್ಮಿ. ಸಮುದ್ರದಿಂದ ಸಾವಿರಕ್ಕೂ ಮಿಕ್ಕಿ ಕಿ.ಮೀ. ದೂರದ ಕಾಶಿ ಇರುವುದು ಸಮುದ್ರ ಮಟ್ಟದಿಂದ ಬರೀ 80 ಮೀಟರ್ ಎತ್ತರದಲ್ಲಿ. ಇಲ್ಲಿ ತೊಂದರೆ ಬಂಡೆಯದ್ದಲ್ಲ, ಮರಳು ದಿಣ್ಣೆಯದ್ದು. ಈ ವರ್ಷ ಇಲ್ಲಿದ್ದದ್ದು ಬರುವ ವರ್ಷ ಇನ್ನೆಲ್ಲೋ. ಹಿಲರಿ ಬಂದ ಅಂತ ದಂಡೆಯ ತುಂಬ ಜನ. ಕಾಶಿಯಲ್ಲಿ ಪೂಜೆಯೂ ಆಯಿತು. ತಮಾಷೆಗೆ ಹೊರಟ ದೋಣಿ ಯಾತ್ರೆ ಜನರ ಕಣ್ಣಿಗೆ ನಿಜವಾದ ತೀರ್ಥಯಾತ್ರೆಯೇ ಆಗಿಬಿಟ್ಟಿತ್ತು.

ಪಾಪ, ಹಿಲರಿಗೂ ಅದು ಬರೀ ತಮಾಷೆಯಾಗಿರಲಿಲ್ಲ. ಎರಡು ವರ್ಷದ ಹಿಂದೆ, 1975ರ ಮಾರ್ಚ್ 31ರಂದು, ಹೆಂಡತಿ ಲೂಯಿಸ್ ಮತ್ತು 16ರ ಮಗಳು ಬೆಲಿಂಡಾ ಕಾಠ್ಮಂಡುವಿನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು. ಶೆರ್ಪಾ ಜನರಿಗಾಗಿ ಹಿಲರಿ ಆಸ್ಪತ್ರೆ ಕಟ್ಟಿಸುತ್ತಿದ್ದ ಫಾಫ್ಲು ಎಂಬಲ್ಲಿಗೆ ಹೊರಟವರು ಅವರು. ಅದಾದ ಮೇಲೆ ಮನುಷ್ಯ ಕುಗ್ಗಿಹೋಗಿದ್ದ. ದೋಣಿಯಲ್ಲಿ ಪಕ್ಕಕ್ಕೆ ಮಗ ಇದ್ದದ್ದು ಸುಮ್ಮನೆ ಅಲ್ಲ.

ನಂದಪ್ರಯಾಗದಲ್ಲಿ ಅಡ್ಡಗೋಡೆ

ಬದರಿ ಯಾತ್ರೆಗೆ ಬಸ್ಸಿನಲ್ಲಿ ಹೋಗಿಬಂದ ನಮ್ಮೂರಿನವರಿಗೆ ಋಷಿಕೇಶದಿಂದ ಮುಂದಿನ ದಾರಿ ಗೊತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ಕೆಳಗೆ ಅಲಕನಂದೆ ಬಿಳಿ ನೊರೆ ಕಾರುತ್ತಿರುತ್ತಾಳೆ. ಕಿಟಕಿ ಪಕ್ಕದವರು ಕಣ್ಣು ಮುಚ್ಚಿ ನಾರಾಯಣಾ ಅನ್ನುವ ಜಾಗ. ಆ ನೊರೆಯಲ್ಲಿ ಇವರು ದೋಣಿ ಹತ್ತಿಸಿದರು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ದಾಟಿತು. ನಂದಪ್ರಯಾಗದ ಹತ್ತಿರ, ಸುಮಾರು 900 ಮೀಟರ್ ಎತ್ತರದಲ್ಲಿ, ಇಕ್ಕಟ್ಟು ಕೊರಕಲಿನಲ್ಲಿ ಜಲಪಾತ ಅಡ್ಡ ಬಂತು. ಅದನ್ನು ಹತ್ತುವ ದೋಣಿ ಇನ್ನೂ ಹುಟ್ಟಿಲ್ಲ. ದೋಣಿ ಬಿಟ್ಟರು, ಬೆನ್ನಿಗೆ ಗಂಟು ಕಟ್ಟಿ ಬದರಿಯ ಕಡೆ ಹೊರಟರು.

ಹೆಸರಿಗೆ ತಕ್ಕಂತೆ ಕಡಲಿಂದ ಮುಗಿಲಿಗೆ ಹೋಗಬೇಕಲ್ಲ, ಆಕಾಶ ಪರ್ವತ ಎಂಬ ಶಿಖರ ಏರುವ ಯೋಚನೆ. ಸುಮಾರು 18,000 ಅಡಿಯ ಬಿಡಾರದಲ್ಲಿ ಹಿಲರಿ ಕುಸಿದುಬಿದ್ದರು. ಎತ್ತರದ ಗಾಳಿಗೆ ದೇಹ ಒಗ್ಗಲಿಲ್ಲ. 1961ರಲ್ಲಿ ಮಕಾಲು ಪರ್ವತದಲ್ಲೇ ಒಮ್ಮೆ ಲಕ್ವ ಬಡಿದಂತಾಗಿ ಎಚ್ಚರಿಕೆ ಸಿಕ್ಕಿತ್ತು, ಮನುಷ್ಯ ಕೇಳಬೇಕಲ್ಲ. ಜತೆಯವರು ಹಿಮದ ಮೇಲೆ ಎಳೆದುಕೊಂಡೇ ಕೆಳಗಿಳಿಸಿದರು. ಹೆಲಿಕಾಪ್ಟರ್ ಬಂದು ಆಸ್ಪತ್ರೆಗೆ ಒಯ್ದಿತು. ಎವರೆಸ್ಟ್ ಗೆದ್ದವನನ್ನು ಅದರಲ್ಲಿ ಅರ್ಧದಷ್ಟು ಎತ್ತರವನ್ನು ಸ್ವಲ್ಪ ಮೀರಿದ ಜಾಗ ಉರುಳಿಸಿತು! ಬದುಕಿಕೊಂಡವರು 1979ರಲ್ಲಿ ಈ ಯಾತ್ರೆಯ ಪುಸ್ತಕ ಬರೆದರು. 1985ರಲ್ಲಿ ನ್ಯೂಜಿಲೆಂಡಿನ ಹೈಕಮಿಷನರ್ ಆಗಿ ದೆಹಲಿಗೇ ಬಂದು ಕೂತರು. ತೀರಿಕೊಂಡದ್ದು 2008ರಲ್ಲಿ, 88ರ ವಯಸ್ಸಿಗೆ.

ಅವರು ಹೋದ ದಾರಿ ಈಗ ಹಾಗೇ ಉಳಿದಿಲ್ಲ. ಹಾಲ್ದಿಯಾದಿಂದ ಅಲಹಾಬಾದಿನವರೆಗಿನ 1,620 ಕಿ.ಮೀ. ನೀರನ್ನು 1986ರಲ್ಲಿ ಸರಕಾರ ರಾಷ್ಟ್ರೀಯ ಜಲಮಾರ್ಗ ನಂಬರ್ ಒಂದು ಅಂತ ಘೋಷಿಸಿತು. 2023ರ ಜನವರಿಯಲ್ಲಿ ಕಾಶಿಯಿಂದ ದಿಬ್ರುಗಢಕ್ಕೆ ಹವಾನಿಯಂತ್ರಿತ ಐಷಾರಾಮಿ ಹಡಗೂ ಹೊರಟಿತು, 51 ದಿನದ ಯಾನ. ಮೇಲೆ ಮಾತ್ರ ಬೇರೆ ಕಥೆ. ಋಷಿಕೇಶದ ಹತ್ತಿರ ಪಶುಲೋಕ ಬ್ಯಾರೇಜು ಎದ್ದಿದೆ, ಅಲಕನಂದೆಗೆ ಶ್ರೀನಗರದಲ್ಲಿ 330 ಮೆಗಾವಾಟಿನ ವಿದ್ಯುತ್ ಅಣೆಕಟ್ಟು ಬಿದ್ದಿದೆ. ಇವತ್ತು ಯಾರಾದರೂ ಅದೇ ಮೂರು ದೋಣಿ ತಂದರೆ, ನಂದಪ್ರಯಾಗ ಮುಟ್ಟಲಿಕ್ಕೆ ನಡುವೆ ಅವನ್ನು ಲಾರಿಗೆ ಹೇರಲೇಬೇಕು.