ಬಿಸಿಲು, ಮಳೆ ಮತ್ತು ನಾವು

ಆಶ್ಲೇಷ ಮಳೆ ಗೊತ್ತಲ್ಲ? ಆಗಸ್ಟ್ ತಿಂಗಳ ಮಳೆ. 2019ರಲ್ಲಿ ಈ ಮಳೆ ನಮ್ಮ ಮುಂಡಗೋಡ ತಾಲ್ಲೂಕಿನಲ್ಲಿ ಬಿಡದೆ ಸುರಿಯಿತು. ಚಿಗಳ್ಳಿ ಜಲಾಶಯದ ಒಡ್ಡು ಒಡೆಯಿತು. ನೀರು ಗದ್ದೆಗಳಿಗೆ ನುಗ್ಗಿತು.

ನಾಲ್ಕೇ ವರ್ಷ ಕಳೆಯಿತು. 2023ರ ಆಗಸ್ಟ್ ಬಂತು. ಮಳೆಯೇ ಇಲ್ಲ! 1901ರಿಂದ ಲೆಕ್ಕ ಹಿಡಿದರೂ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಬಂದಿದೆ ಎಂದು ಸರ್ಕಾರ ಸಾರಿತು. ಮುಂದಿನ ವರ್ಷ 2024. ಅದು ಅಲ್ಲಿಯವರೆಗೆ ದೇಶ ಕಂಡ ಅತಿ ಬಿಸಿಯ ವರ್ಷ.

ಒಮ್ಮೆ ನೆರೆ, ಒಮ್ಮೆ ಬರ, ಮೇಲೆ ಸುಡುವ ಬಿಸಿಲು. ಯಾಕೆ ಹೀಗೆ?

ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟಾಗ ಒಂದು ಅನಿಲ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣದು. ಅದರ ಹೆಸರು ಇಂಗಾಲದ ಡೈಆಕ್ಸೈಡ್. ಭೂಮಿಗೆ ಅದು ಗೌಳಿಗರ ಕಂಬಳಿ ಹೊದಿಸಿದ ಹಾಗೆ. ಒಳಗಿನ ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ನೂರೈವತ್ತು ವರ್ಷಗಳಲ್ಲಿ ಭೂಮಿಯ ಬಿಸಿ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ. ಒಂದು ಡಿಗ್ರಿ ಏನು ಮಹಾ ಅನ್ನಬೇಡಿ. ನಮ್ಮ ಮೈ 37 ಡಿಗ್ರಿ ಇರುತ್ತದೆ. 38 ಆದರೆ ಅದೇ ಜ್ವರ.

ನಮ್ಮ ಒಲೆಯ ನಾಲ್ಕು ಕಟ್ಟಿಗೆಯಿಂದ ಇದು ಆದದ್ದಲ್ಲ. ದೊಡ್ಡ ಕಾರ್ಖಾನೆ, ವಿದ್ಯುತ್ ಕೇಂದ್ರ, ವಾಹನಗಳಿಂದ ಆದದ್ದೇ ಹೆಚ್ಚು. ಬಿಸಿಲಲ್ಲಿ ಬೇಯುವವರು ಮಾತ್ರ ನಾವು.

ಬಿಸಿಗೂ ಮಳೆಗೂ ಏನು ಸಂಬಂಧ? ಗಾಳಿ ನೀರಿನ ಆವಿಯನ್ನು ಹೊರುತ್ತದೆ. ನೂರು ಕೊಡ ಹೊರುವ ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ನೂರಾ ಏಳು ಕೊಡ ಹೊರುತ್ತದೆ. ಸುರಿದರೆ ಒಮ್ಮೆಲೇ ಸುರಿಯುತ್ತದೆ. ಮಳೆ ಬಾರದ ದಿನಗಳಲ್ಲಿ ಅದೇ ಬಿಸಿ ಗಾಳಿ ಮಣ್ಣಿನ ಪಸೆಯನ್ನು ಹೀರುತ್ತದೆ. ಒಂದೊಂದು ವರ್ಷದ ಮಳೆಗೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಭಾರಿ ಮಳೆ, ಭಾರಿ ಬಿಸಿಲು ಎರಡೂ ಹೆಚ್ಚುತ್ತಿವೆ. ಹಳ್ಳ ತುಂಬಿ ಸೇತುವೆ ಮೇಲೆ ನೀರು ಹರಿಯುವಾಗ ದಾಟಲೇಬೇಡಿ. ಮೊಣಕಾಲಷ್ಟು ನೀರೂ ಕಾಲು ಕೀಳುತ್ತದೆ.

ಬಿಸಿಲಿನ ಮಾತಿಗೆ ಬರೋಣ. ಬೆವರು ಆರಿದಾಗ ಮೈ ತಂಪಾಗುತ್ತದೆ. ಮಳೆಗೆ ಮುಂಚೆ ಧಗೆ ಹೆಚ್ಚು. ಆಗ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯ ಬಿಸಿ ಒಳಗೇ ಉಳಿಯುತ್ತದೆ. ಗಾಳಿಯಾಡದ ಅಡುಗೆಮನೆಯಲ್ಲೂ ಇದೇ ಕತೆ.

ಇನ್ನೊಂದು ಮಾತು ಹೇಳಲು ನಾಚಿಕೆ. ಆದರೂ ಹೇಳಲೇಬೇಕು. ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋದರೆ ನಾವು ನೀರು ಕುಡಿಯುವುದಿಲ್ಲ. ಯಾಕೆ? ಮೂತ್ರಕ್ಕೆ ಹೋಗಲು ಮರೆ ಇಲ್ಲ. ಗಂಡಸರು ಹೇಗೋ ಹೋಗಿ ಬರುತ್ತಾರೆ. ನಾವು ಸಂಜೆವರೆಗೂ ತಡೆಯುತ್ತೇವೆ. ಉರಿಮೂತ್ರ ಬರುತ್ತದೆ. ತಲೆ ಸುತ್ತುತ್ತದೆ. ಮೂತ್ರ ಕಡು ಹಳದಿ ಆಯಿತೋ, ಮೈಯಲ್ಲಿ ನೀರು ಸಾಲದು ಎಂದೇ ತಿಳಿಯಿರಿ.

ನಾಲ್ಕು ಕೋಲು ನೆಟ್ಟು ಹಳೇ ಸೀರೆ ಸುತ್ತಿದರೆ ಮರೆ ಆಯಿತು. ಐದಾರು ಮಂದಿ ಸೇರಿದರೆ ಇದು ಎಷ್ಟು ಹೊತ್ತಿನ ಕೆಲಸ? ಹೊಲದ ಯಜಮಾನರ ಹತ್ತಿರವೂ ಒಟ್ಟಿಗೇ ಹೋಗೋಣ. "ಮುಂಜಾನೆ ಲಗೂ ಬರ್ತೀವ್ರಿ, ನಡು ಮಧ್ಯಾಹ್ನ ಬಿಡ್ರಿ" ಅನ್ನೋಣ. ಒಬ್ಬಳೇ ಕೇಳಿದರೆ ನಾಳೆಯಿಂದ ಬರಬೇಡ ಅಂದಾರು. 2005ರ ಉದ್ಯೋಗ ಖಾತರಿ ಕಾಯ್ದೆಯೇ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು ಇರಬೇಕು ಎಂದಿತ್ತು. ಇದನ್ನು ಕೇಳುವುದು ಭಿಕ್ಷೆ ಅಲ್ಲ.

ತುಂಬಾ ಬೆವರಿದಾಗ ಬರೀ ನೀರು ಸಾಲದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕದಡಿ. ಚಮಚ ಗೋಪುರವಾಗಬಾರದು, ಮಟ್ಟವಾಗಿರಲಿ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು.

ಜೊತೆಯವಳು ಏನೇನೋ ಮಾತಾಡುತ್ತಿದ್ದಾಳೆಯೇ? ಮೈ ಕೆಂಡವಾಗಿದೆಯೇ? ಕುಸಿದು ಬಿದ್ದಳೇ? ಅದು ಬಿಸಿಲಿನ ಹೊಡೆತ. ಜೀವಕ್ಕೆ ಅಪಾಯ. 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಸುಮ್ಮನೆ ಕಾಯಬೇಡಿ. ನೆರಳಿಗೆ ಎತ್ತಿ ಮಲಗಿಸಿ. ಬಟ್ಟೆ ಸಡಿಲ ಮಾಡಿ. ಮೈಮೇಲೆಲ್ಲ ನೀರು ಹಾಕಿ, ಸೆರಗಿನಿಂದ ಗಾಳಿ ಬೀಸುತ್ತಲೇ ಇರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಮಾತ್ರ ನೀರು ಹಾಕಬೇಡಿ. ಅದು ಉಸಿರಿನ ಕೊಳವೆಗೆ ಇಳಿಯುತ್ತದೆ.